‘ಕಡಿಯಿರಿ ಅಂದರೂ ನನ್ನನ್ನು ಯಾರೂ ಕಡಿಯುವುದಿಲ್ಲ!’

ಲೋಕಸಭೆಯ ಬಜೆಟ್ ಅಧಿವೇಶನ ಬಂತೆಂದರೆ ಒಂದೇ ಒಂದು ಸಾಲು ಪುಟಗಟ್ಟಲೆ ಅಚ್ಚಾಗುತ್ತದೆ: ‘ಈ ಬೇಡಿಕೆಯ ಮೊತ್ತವನ್ನು ನೂರು ರೂಪಾಯಿಯಷ್ಟು ಕಡಿಮೆ ಮಾಡತಕ್ಕದ್ದು.’ ಇದಕ್ಕೆ ಸಾಂಕೇತಿಕ ಕಡಿತ ಸೂಚನೆ ಎಂದು ಹೆಸರು. ಲಕ್ಷಾಂತರ ಕೋಟಿ ಕೇಳುವ ಇಲಾಖೆಗೆ ನೂರು ರೂಪಾಯಿ ಕಡಿಮೆ ಕೊಡಿ ಎನ್ನುವುದು ನಾವು ಆರಿಸಿ ಕಳಿಸಿದವರ ಕೈಯಲ್ಲಿರುವ ಅಧಿಕೃತ ಅಸ್ತ್ರ. ಬಜೆಟ್ ಬಗ್ಗೆ ಹಣಕಾಸು ಸಚಿವರನ್ನು, ಉದ್ಯಮಿಗಳನ್ನು, ಆಟೊ ಚಾಲಕರನ್ನು ಎಲ್ಲರನ್ನೂ ಮಾತಾಡಿಸುವ ಮಾಧ್ಯಮದವರು ಈ ನೂರು ರೂಪಾಯಿಯ ಮುಂದೆ ಮೈಕು ಹಿಡಿದದ್ದು ಕಾಣೆ. ಹುಡುಕಿಕೊಂಡು ಹೋದಾಗ ಹಳೆಯ ಸೂಚನೆಗಳ ಕಟ್ಟೊಂದರ ನಡುವೆ ಸಿಕ್ಕಿತು. ದಾರ ಬಿಚ್ಚಿದ್ದೇ ತಡ, ಎದ್ದು ಕೂತು ಮಾತಿಗೆ ಶುರುವಿಟ್ಟಿತು.

ಪ್ರ: ನಮಸ್ಕಾರ. ನಿಮ್ಮನ್ನು ನೋಟು ಅಂದುಕೊಂಡಿದ್ದೆ.

ನೂರು: ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. 2016ರ ನವೆಂಬರಿನಲ್ಲಿ ಐನೂರು, ಸಾವಿರದವರೆಲ್ಲ ಬೀದಿಗೆ ಬಿದ್ದಾಗ ನಾನು ಲೋಕಸಭೆಯ ನಿಯಮಾವಳಿಯ 209ನೇ ನಿಯಮದಲ್ಲಿ ಕಾಲು ಚಾಚಿ ಮಲಗಿದ್ದೆ. ನಾನು ನೋಟಲ್ಲ ಸ್ವಾಮಿ, ಬರೀ ಅಂಕಿ. ನನ್ನನ್ನು ಖರ್ಚು ಮಾಡಲೂ ಬಾರದು, ಉಳಿಸಲೂ ಬಾರದು. ಖೋಟಾ ಮಾಡುವ ಗೋಜಿಗೂ ಯಾರೂ ಹೋಗಿಲ್ಲ. ಅದೊಂದು ಬೇಸರ.

ಪ್ರ: ಮನೆಯಲ್ಲಿ ಯಾರ್ಯಾರಿದ್ದೀರಿ?

ನೂರು: ಮೂವರು ಅಣ್ಣತಮ್ಮಂದಿರು. ದೊಡ್ಡಣ್ಣ ಒಂದು ರೂಪಾಯಿ. ನೋಡಲು ಸಣ್ಣವನು, ಕೋಪ ಮಾತ್ರ ದೂರ್ವಾಸನದು. ‘ಇಲಾಖೆಯ ನೀತಿಯೇ ಸರಿಯಿಲ್ಲ, ಇಡೀ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ’ ಅನ್ನುತ್ತಾನೆ. ನಡುವಿನವನು ಮಿತವ್ಯಯದ ಕಡಿತ. ಇಂಥ ಬಾಬಿನಲ್ಲಿ ಇಷ್ಟು ಮೊತ್ತ ಉಳಿಸಬಹುದು ಅಂತ ಲೆಕ್ಕ ಹಾಕಿ ಹೇಳುವವನು. ಅವನನ್ನು ಕರೆಯಬೇಕಾದರೆ ಕರೆಯುವವರೂ ಲೆಕ್ಕ ಓದಿರಬೇಕು, ಅದೇ ತೊಂದರೆ. ಕಿರಿಯವನು ನಾನು. ಸರ್ಕಾರದ ಹೊಣೆಗೆ ಬರುವ ಒಂದು ನಿರ್ದಿಷ್ಟ ಕುಂದುಕೊರತೆ ಹೇಳಿಕೊಳ್ಳಲು ಸಂಸದರು ನನ್ನನ್ನು ಮುಂದೆ ಬಿಡುತ್ತಾರೆ. ನಮ್ಮೂರ ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದಿಲ್ಲ, ಅಂಚೆ ಕಚೇರಿಯಲ್ಲಿ ಕೂರುವವರಿಲ್ಲ ಅಂತೆಲ್ಲ.

ಪ್ರ: ಆದರೆ ನೂರು ರೂಪಾಯಿ ಹೋದರೆ ಇಲಾಖೆಗೆ ಆಗುವ ನಷ್ಟವಾದರೂ ಏನು?

ನೂರು: ಒಂದು ಊಟ. 2021ರಲ್ಲಿ ಸಬ್ಸಿಡಿ ತೆಗೆದ ಮೇಲೆ ಸಂಸತ್ತಿನ ಕ್ಯಾಂಟೀನಿನಲ್ಲಿ ಸಸ್ಯಾಹಾರಿ ಥಾಲಿಗೆ ನೂರು ರೂಪಾಯಿ ಮಾಡಿದರು. ನನ್ನ ಯೋಗ್ಯತೆ ಅಷ್ಟೇ ಅಂತ ನಗಬೇಡಿ. ನಾನು ಗೆದ್ದರೆ ಇಲಾಖೆಗೆ ಊಟ ಹೋಗಬಹುದು, ಸರ್ಕಾರಕ್ಕೆ ಕುರ್ಚಿಯೇ ಹೋಗುತ್ತದೆ. ಕೇಳಿದ ಹಣದಲ್ಲಿ ಒಂದು ಕಾಸು ಕಡಿಮೆ ಕೊಟ್ಟರೂ ಸದನಕ್ಕೆ ಸರ್ಕಾರದ ಮೇಲೆ ವಿಶ್ವಾಸವಿಲ್ಲ ಅಂತಲೇ ಅರ್ಥ. ನಮ್ಮ ವಂಶದ ಹಿರಿಯರೊಬ್ಬರು ಇದನ್ನು ಮಾಡಿ ತೋರಿಸಿದ್ದಾರೆ. ಲಂಡನ್ನಿನವರು, ಹೆಸರು ನೂರು ಪೌಂಡ್.

ಪ್ರ: ಏನು ಮಾಡಿದರು?

ನೂರು: 1895ರ ಜೂನ್ 21. ಸೈನ್ಯಕ್ಕೆ ಕಾರ್ಡೈಟ್ ಮದ್ದು ಸಾಕಷ್ಟು ಶೇಖರಿಸಿಲ್ಲ ಅಂತ ತಕರಾರು ಎದ್ದಿತು. ಯುದ್ಧ ಮಂತ್ರಿ ಕ್ಯಾಂಪ್‌ಬೆಲ್ ಬ್ಯಾನರ್‌ಮನ್ ಅವರ ಸಂಬಳದಲ್ಲಿ ನೂರು ಪೌಂಡ್ ಕಡಿಯಿರಿ ಅಂದಿತು ವಿರೋಧ ಪಕ್ಷ. ಆಡಳಿತ ಪಕ್ಷದವರು ಎಲ್ಲೆಲ್ಲೋ ಇದ್ದರು. ಮತಕ್ಕೆ ಹಾಕಿದಾಗ ಏಳು ಮತಗಳ ಅಂತರದಲ್ಲಿ ಹಿರಿಯರು ಗೆದ್ದುಬಿಟ್ಟರು. ಪ್ರಧಾನಿ ರೋಸ್‌ಬೆರಿ ರಾಜೀನಾಮೆ ಕೊಟ್ಟರು. ತಮಾಷೆ ಏನು ಗೊತ್ತೆ? ಸಂಬಳ ಕಡಿಸಿಕೊಂಡ ಮಂತ್ರಿಯೇ ಹತ್ತು ವರ್ಷ ಬಿಟ್ಟು ಪ್ರಧಾನಿಯಾದರು. ನಮ್ಮ ಹಿರಿಯರ ಕೈಗುಣ!

ಪ್ರ: ನಿಮ್ಮ ಕೈಗುಣ ಹೇಗೆ?

ನೂರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಬ್ರಿಟಿಷರ ಕಾಲದಲ್ಲಿ ಮನೆಗೆ ಒಳ್ಳೆಯ ಹೆಸರಿತ್ತು. 1924ರ ಮಾರ್ಚಿನಲ್ಲಿ ಮೋತಿಲಾಲ್ ನೆಹರೂ ಮುಂದಾಳತ್ವದ ಸ್ವರಾಜ್ಯ ಪಕ್ಷದವರು ಕೇಂದ್ರ ಶಾಸನಸಭೆಯಲ್ಲಿ ಸರ್ಕಾರದ ಬೇಡಿಕೆಗಳನ್ನೇ ತಳ್ಳಿಹಾಕಿದರು. ವೈಸ್‌ರಾಯ್ ತನ್ನ ವಿಶೇಷಾಧಿಕಾರ ಬಳಸಿ ಹಣ ತೆಗೆದುಕೊಂಡ, ಆ ಮಾತು ಬೇರೆ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರವೇ ಬಂತು, ಸೋಲುವ ಸರದಿ ನನಗೆ ಬಂತು. 2010ರ ಏಪ್ರಿಲ್ 27ರಂದು ಮಾತ್ರ ಒಂದು ಸಲ ಎದೆ ಡವಗುಟ್ಟಿತ್ತು. ಪೆಟ್ರೋಲು, ಗೊಬ್ಬರದ ಬೆಲೆ ಏರಿಸಿದ್ದಕ್ಕೆ ಎಡಪಕ್ಷಗಳೂ ಬಿಜೆಪಿಯೂ ಕಡಿತ ಸೂಚನೆ ತಂದು, ಮತ ವಿಭಜನೆಗೆ ಪಟ್ಟು ಹಿಡಿದರು. ಪರವಾಗಿ 201, ವಿರುದ್ಧವಾಗಿ 289. ಮನಮೋಹನ್ ಸಿಂಗ್ ಸರ್ಕಾರ ಅಲುಗಲಿಲ್ಲ.

ಪ್ರ: ಅಲ್ಲಿಗೆ ಮುಗಿಯಿತು.

ನೂರು: ಎಲ್ಲಿ ಮುಗಿಯಿತು! ಅವತ್ತು ಜಾರ್ಖಂಡಿನ ಮುಖ್ಯಮಂತ್ರಿ ಶಿಬು ಸೊರೇನ್ ಇನ್ನೂ ಸಂಸದರಾಗಿಯೂ ಇದ್ದರು. ಬಿಜೆಪಿಯ ಬೆಂಬಲದಿಂದ ರಾಂಚಿಯಲ್ಲಿ ಕೂತವರು ದೆಹಲಿಗೆ ಬಂದು ಬಿಜೆಪಿಯ ಸೂಚನೆಯ ವಿರುದ್ಧ ಮತ ಹಾಕಿದರು. ತಿಂಗಳೊಪ್ಪತ್ತಿನಲ್ಲಿ ಅವರ ಸರ್ಕಾರ ಬಿತ್ತು. ದೆಹಲಿಯಲ್ಲಿ ಗುರಿಯಿಟ್ಟದ್ದು ರಾಂಚಿಯಲ್ಲಿ ಉರುಳಿತು. ನಮ್ಮ ಮನೆತನದ ಲೆಕ್ಕಕ್ಕೆ ಇದನ್ನು ಬರೆದುಕೊಳ್ಳಬಹುದೋ ಇಲ್ಲವೋ, ನೀವೇ ಹೇಳಿ.

(ಬರೆದುಕೊಳ್ಳಬಹುದು ಎಂದೆ. ಮುಖ ಅರಳಿತು.)

ಪ್ರ: ಬಜೆಟ್ ಅಧಿವೇಶನದಲ್ಲಿ ನಿಮ್ಮ ದಿನಚರಿ?

ನೂರು: ಸದಸ್ಯರು ಸೂಚನೆ ಕೊಡುತ್ತಾರೆ. ಲೋಕಸಭೆಯ ಸಚಿವಾಲಯದವರು ನಂಬರು ಹಾಕಿ ಪಟ್ಟಿ ಅಚ್ಚು ಮಾಡುತ್ತಾರೆ. ಆ ಇಲಾಖೆಯ ಚರ್ಚೆ ಶುರುವಾದ ಹದಿನೈದು ನಿಮಿಷದೊಳಗೆ ಸದಸ್ಯರು ತಮ್ಮ ಸೂಚನೆಯ ನಂಬರು ಬರೆದು ಚೀಟಿ ಕಳಿಸಬೇಕು. ಕಳಿಸಿದರೆ ಮಂಡಿಸಿದಂತೆ, ಮರೆತರೆ ಹೋದಂತೆ. ಚೀಟಿ ಕಳಿಸಿದ ಮೇಲೆ ಎದ್ದು ನಿಂತು ತಮ್ಮ ಕ್ಷೇತ್ರದ ದೂರು ಹೇಳಬಹುದು, ಮಂತ್ರಿ ಉತ್ತರ ಕೊಡಬೇಕು. ಕೊನೆಗೆ ನಮ್ಮನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಸೋಲಿಸುತ್ತಾರೆ. ಸೋಲಿಗೆ ನಾನು ಅಳುವವನಲ್ಲ. ನಾನು ದುಡ್ಡೇ ಅಲ್ಲವಲ್ಲ, ಮಾತಾಡಲು ಹರಿದುಕೊಟ್ಟ ಟಿಕೆಟ್ಟು. ಈಗೀಗ ಟಿಕೆಟ್ಟು ಹರಿದು ಕೊಡುತ್ತಾರೆ, ಬಸ್ಸೇ ಡಿಪೋ ಬಿಡುವುದಿಲ್ಲ.

ಪ್ರ: ಗಿಲೋಟಿನ್ ವಿಷಯ ಹೇಳುತ್ತಿದ್ದೀರಾ?

ನೂರು: ಮತ್ತೆ ಇನ್ಯಾವುದು? ಬೇಡಿಕೆಗಳು ನೂರರ ಆಸುಪಾಸು ಇರುತ್ತವೆ. ಸದನಕ್ಕೆ ಬರುವುದು ಆರಿಸಿದ ಕೆಲವೇ ಇಲಾಖೆ. ಗೊತ್ತುಪಡಿಸಿದ ಕೊನೆಯ ದಿನ, ಗೊತ್ತುಪಡಿಸಿದ ಹೊತ್ತಿಗೆ ಸಭಾಧ್ಯಕ್ಷರು ಒಂದು ಉದ್ದದ ವಾಕ್ಯ ಓದುತ್ತಾರೆ. ಕಾರ್ಯಸೂಚಿಯ ಎರಡನೇ ಕಾಲಮ್ಮಿನಲ್ಲಿರುವ ಬಾಬುಗಳಿಗೆ ನಾಲ್ಕನೇ ಕಾಲಮ್ಮಿನಲ್ಲಿರುವ ಮೊತ್ತ ಕೊಡತಕ್ಕದ್ದು ಅಂತ. ‘ಹೌದು’ ಅಂತ ಒಂದು ಕೂಗು, ‘ಇಲ್ಲ’ ಅಂತ ಒಂದು ಗೊಣಗು, ಉಳಿದ ಇಲಾಖೆಗಳ ಖರ್ಚೆಲ್ಲ ಪಾಸು. ಎರಡನೇ ಕಾಲಮ್ಮಿಗೂ ನಾಲ್ಕನೇ ಕಾಲಮ್ಮಿಗೂ ನಡುವೆ ಒಂದು ಬೆರಳಿನ ಜಾಗವೂ ಇಲ್ಲ. ನನ್ನಂಥ ನೂರಾರು ಜನ ಅಲ್ಲೇ ನಜ್ಜುಗುಜ್ಜು.

ಪ್ರ: ಕೆಲವಾದರೂ ಚರ್ಚೆಯಾಗುತ್ತವಲ್ಲ?

ನೂರು: 2018ರಲ್ಲಿ ಒಂದೂ ಆಗಲಿಲ್ಲ. ಮಾರ್ಚ್ 14ರಂದು ಗದ್ದಲದ ನಡುವೆ ಎಲ್ಲ ಬೇಡಿಕೆಗಳೂ ಹಣಕಾಸು ವಿಧೇಯಕವೂ ಚರ್ಚೆಯೇ ಇಲ್ಲದೆ ದಾಟಿದವು. 2023ರಲ್ಲಿ ಮತ್ತೆ ಅದೇ ಕಥೆ. ವಿರೋಧ ಪಕ್ಷದವರು ಅದಾನಿ ವಿಷಯಕ್ಕೆ ಜಂಟಿ ಸದನ ಸಮಿತಿ ಬೇಕು ಅಂತ ಕೂಗಿದರು, ಆಡಳಿತ ಪಕ್ಷದವರು ರಾಹುಲ್ ಗಾಂಧಿ ಕ್ಷಮೆ ಕೇಳಲಿ ಅಂತ ಕೂಗಿದರು. ಇಬ್ಬರ ಕೂಗೂ ಒಳ್ಳೆಯ ತಾಳದಲ್ಲಿತ್ತು. ಆ ತಾಳಕ್ಕೆ 45 ಲಕ್ಷ ಕೋಟಿ ರೂಪಾಯಿಯ ಬಜೆಟ್ ಹೆಜ್ಜೆ ಹಾಕಿಕೊಂಡು ಹೋಯಿತು. ನೂರು ರೂಪಾಯಿಯ ದನಿ ಯಾರಿಗೆ ಕೇಳಬೇಕು?

ಪ್ರ: ತಪ್ಪು ಯಾರದು?

ನೂರು: ಸದನ ನಡೆಸುವುದು ಸರ್ಕಾರದ ಹೊಣೆ, ಮೊದಲು ಅಲ್ಲಿಗೇ ಬೆರಳು ತೋರಿಸುತ್ತೇನೆ. ಹಾಗಂತ ವಿರೋಧ ಪಕ್ಷದವರು ತಮ್ಮ ಚೀಟಿಯನ್ನು ತಾವೇ ಹರಿದುಕೊಂಡು ‘ನಮಗೆ ಮಾತಾಡಲು ಬಿಡಲಿಲ್ಲ’ ಅಂದರೆ ನಾನು ಒಪ್ಪುವವನಲ್ಲ.

ಪ್ರ: ಅಸಲಿ ಪರಿಶೀಲನೆ ಸ್ಥಾಯಿ ಸಮಿತಿಗಳಲ್ಲಿ ನಡೆಯುತ್ತದೆ, ಸದನದಲ್ಲಿ ಏನಿದೆ ಅನ್ನುತ್ತಾರೆ.

ನೂರು: ಸುಳ್ಳಲ್ಲ. 1993ರಲ್ಲಿ ಹದಿನೇಳು ಸಮಿತಿ ಮಾಡಿದರು, 2004ರಲ್ಲಿ ಇಪ್ಪತ್ನಾಲ್ಕಕ್ಕೆ ಏರಿಸಿದರು. ಒಂದೊಂದಕ್ಕೆ ಮೂವತ್ತೊಂದು ಸದಸ್ಯರು, ಮಂತ್ರಿಗಳಿಗೆ ಪ್ರವೇಶವಿಲ್ಲ. ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಬಿಡುವು ಕೊಟ್ಟು ಸಮಿತಿಗಳು ಇಲಾಖಾ ಕಾರ್ಯದರ್ಶಿಗಳನ್ನು ಕೂರಿಸಿಕೊಂಡು ಕೇಳುತ್ತವೆ. ನಿಮ್ಮ ಮೊಯ್ಲಿಯವರು ಹಣಕಾಸು ಸಮಿತಿಯಲ್ಲಿ, ಖರ್ಗೆಯವರು ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಅಧ್ಯಕ್ಷರಾಗಿ ಕೂತವರೇ. ಟಿ.ವಿ. ಕ್ಯಾಮೆರಾ ಇಲ್ಲದ ಕೋಣೆ. ಅಲ್ಲಿ ಎದುರು ಪಕ್ಷಗಳವರೂ ಒಂದೇ ಪ್ರಶ್ನೆಯನ್ನು ಒಟ್ಟಿಗೆ ಕೇಳುತ್ತಾರೆ. ಹೊರಗೆ ಬಂದ ಮೇಲೆ ಮತ್ತೆ ಬದ್ಧ ವೈರಿಗಳು. ಕ್ಯಾಮೆರಾ ಎದುರು ಹಾಗಿರಲೇಬೇಕಲ್ಲ.

ಪ್ರ: ಸಮಿತಿ ಹೇಳಿದ್ದನ್ನು ಸರ್ಕಾರ ಕೇಳಲೇಬೇಕೆ?

ನೂರು: ಸಲಹೆ ಅಂತ ಪರಿಗಣಿಸಬೇಕು. ಪರಿಗಣಿಸುತ್ತಾರೆ. ಆಮೇಲೆ ‘ಕೈಗೊಂಡ ಕ್ರಮದ ವರದಿ’ ಅಂತ ಬರುತ್ತದೆ, ಒಮ್ಮೆ ತರಿಸಿ ಓದಿ. ಸರ್ಕಾರ ಒಪ್ಪಿದ ಶಿಫಾರಸುಗಳಿಗೆ ಒಂದು ಅಧ್ಯಾಯ. ಸರ್ಕಾರದ ಉತ್ತರ ನೋಡಿದ ಮೇಲೆ ಸಮಿತಿಯೇ ಮುಂದುವರಿಸಲು ಬಯಸದ ಶಿಫಾರಸುಗಳಿಗೆ ಒಂದು ಅಧ್ಯಾಯ. ಉತ್ತರ ಸಮಿತಿಗೆ ಹಿಡಿಸದಿದ್ದರೆ ಒಂದು, ಅಂತಿಮ ಉತ್ತರವೇ ಬಾರದಿದ್ದರೆ ಇನ್ನೊಂದು. ನನಗೆ ತುಂಬ ಇಷ್ಟ ಆ ‘ಮುಂದುವರಿಸಲು ಬಯಸದ’ ಅಧ್ಯಾಯ. ಎಷ್ಟು ಮರ್ಯಾದೆಯಿಂದ ಕೈಚೆಲ್ಲುತ್ತಾರೆ ನೋಡಿ! ಇಷ್ಟಾದರೂ ನನಗೆ ಸಮಿತಿಗಳ ಮೇಲೆ ಗೌರವವಿದೆ. ಇಲಾಖೆಯವರು ಸ್ವಲ್ಪವಾದರೂ ಬೆವರುವುದು ಅಲ್ಲಿಯೇ. ಸಂಕಟ ಏನೆಂದರೆ, ಸಮಿತಿ ಕಷ್ಟಪಟ್ಟು ಬರೆದ ವರದಿಯನ್ನು ಕೈಯಲ್ಲಿ ಹಿಡಿದು ಚರ್ಚೆ ಮಾಡಬೇಕಾದ ದಿನವೇ ಗಿಲೋಟಿನ್ ಬೀಳುತ್ತದೆ.

ಪ್ರ: ಲೆಕ್ಕಪತ್ರ ಸಮಿತಿ?

ನೂರು: ಅಜ್ಜ. 1921ರಿಂದ ಇದ್ದಾರೆ. 1967ರಿಂದ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಬಿಡುವ ಪದ್ಧತಿ ಬಂತು. ಸಿಎಜಿ ವರದಿ ಓದಿ, ಖರ್ಚಾಗಿ ವರ್ಷಗಳಾದ ಹಣದ ಜಾತಕ ಬಿಡಿಸುತ್ತಾರೆ. ಮಂಜೂರಾದದ್ದಕ್ಕಿಂತ ಇಲಾಖೆ ಹೆಚ್ಚು ಉಡಾಯಿಸಿದ್ದರೆ ಕಾರಣ ಕೇಳಿ, ಅದನ್ನು ಸಕ್ರಮ ಮಾಡಿ ಅಂತ ಶಿಫಾರಸು ಮಾಡುತ್ತಾರೆ. ನಿಮ್ಮ ಕಡೆ ಅಕ್ರಮ ಸಕ್ರಮ ಅಂತ ಏನೋ ಇದೆಯಲ್ಲ, ಸಂವಿಧಾನದ 115ನೇ ವಿಧಿಯಲ್ಲಿ ಖರ್ಚಿಗೂ ಅದಕ್ಕೆ ದಾರಿ ಇದೆ.

ಪ್ರ: ಖರ್ಚಿನ ಮಾತಾಯಿತು. ಸಿಬ್ಬಂದಿಯದು?

ನೂರು: ಅಲ್ಲಿ ನನ್ನ ಮನಸ್ಸು ಕಹಿಯಾಗುತ್ತದೆ. ಕೇಂದ್ರ ಸರ್ಕಾರದಲ್ಲಿ 2021ರ ಮಾರ್ಚ್ 1ಕ್ಕೆ ಮಂಜೂರಾದ ಹುದ್ದೆ 40.35 ಲಕ್ಷ, ಖಾಲಿ ಇದ್ದದ್ದು 9.79 ಲಕ್ಷ. ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ. ನಾಲ್ಕು ಕುರ್ಚಿಯಲ್ಲಿ ಹತ್ತಿರಹತ್ತಿರ ಒಂದು ಖಾಲಿ. ರೈಲ್ವೆಯಲ್ಲೇ ಎರಡೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು. ಪ್ರತಿ ಸಮಿತಿಯೂ ಕೇಳುತ್ತದೆ, ಪ್ರತಿ ಕಾರ್ಯದರ್ಶಿಯೂ ‘ನೇಮಕಾತಿ ಪ್ರಕ್ರಿಯೆ ಪ್ರಗತಿಯಲ್ಲಿದೆ ಸರ್’ ಅನ್ನುತ್ತಾರೆ. ಮುಂದಿನ ವರ್ಷ ಕಾರ್ಯದರ್ಶಿ ಬೇರೆ, ಪ್ರಗತಿ ಅದೇ.

ಪ್ರ: ರೋಜ್‌ಗಾರ್ ಮೇಳ ಮಾಡಿ ನೇಮಕಾತಿ ಪತ್ರ ಹಂಚಿದರಲ್ಲ?

ನೂರು: ಹೌದು, 2022ರ ಅಕ್ಟೋಬರಿನಿಂದ. ಇಲಾಖೆ ತಾನೇ ಕೊಡಬೇಕಾದ ಪತ್ರಕ್ಕೆ ಮೇಳ ಬೇಕಾಯಿತು ಅನ್ನುವುದೇ ಆ ಹುದ್ದೆ ಎಷ್ಟು ಕಾಲ ಖಾಲಿ ಇತ್ತು ಅನ್ನುವುದಕ್ಕೆ ಸಾಕ್ಷಿ. ಇನ್ನೊಂದು ಉಪಾಯವೂ ಇದೆ. ಐದು ವರ್ಷ ಮೀರಿ ಖಾಲಿ ಬಿದ್ದಿರುವ ಹುದ್ದೆಗಳನ್ನು ರದ್ದು ಮಾಡುವ ಬಗ್ಗೆ ವರದಿ ಕೊಡಿ ಅಂತ 2018ರ ಜನವರಿಯಲ್ಲಿ ಹಣಕಾಸು ಸಚಿವಾಲಯ ಇಲಾಖೆಗಳಿಗೆ ಬರೆಯಿತು. ತುಂಬದೆ ಕೂತರೆ ಹುದ್ದೆ ತಾನಾಗಿ ಸಾಯುತ್ತದೆ, ಖಾಲಿಯ ಲೆಕ್ಕ ತಾನಾಗಿ ಇಳಿಯುತ್ತದೆ. ಯಾವ ಸಂಸದನೂ ಇಷ್ಟು ಸಲೀಸಾದ ಕಡಿತ ಸೂಚನೆ ತಂದಿಲ್ಲ!

ಪ್ರ: ಕುರ್ಚಿ ಖಾಲಿ ಇದ್ದರೂ ಕೆಲಸ ನಡೆಯುತ್ತಿದೆಯಲ್ಲ?

ನೂರು: ಗುತ್ತಿಗೆಯವರು ಮಾಡುತ್ತಿದ್ದಾರೆ. ಏಜೆನ್ಸಿಯಿಂದ ಬಂದ ಡಾಟಾ ಎಂಟ್ರಿ ಹುಡುಗಿಯ ಕೂಲಿ ‘ಸಂಬಳ’ದ ಬಾಬಿನಲ್ಲಿ ಬರುವುದಿಲ್ಲ. ‘ವೃತ್ತಿಪರ ಸೇವೆ’ಯಲ್ಲೋ ‘ಕಚೇರಿ ವೆಚ್ಚ’ದಲ್ಲೋ ಸೇರಿಕೊಳ್ಳುತ್ತದೆ. ಇಲಾಖೆಯಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ ಅಂತ ಬಜೆಟ್ ಪುಸ್ತಕದಲ್ಲಿ ಹುಡುಕಿದರೆ ಅವಳು ಎಲ್ಲೂ ಇಲ್ಲ. ಅವಳ ಬಗ್ಗೆ ಯಾರಾದರೂ ಮಾತಾಡಬೇಕಿದ್ದರೆ ಅದಕ್ಕೆ ನಾನೇ ಸರಿಯಾದ ಸಾಧನ. ಅದನ್ನೇ ಹೇಳುತ್ತಿರುವುದು ನಾನು, ನೂರು ರೂಪಾಯಿ ಹೋಗಲಿ, ಅವಳ ಹೆಸರಿನಲ್ಲಿ ಐದು ನಿಮಿಷ ಖರ್ಚು ಮಾಡಿ.

ಪ್ರ: ಪೂರ್ತಿ ಬಜೆಟ್ಟಿನ ಮೇಲೆ ನಿಮಗೆ ಅಧಿಕಾರ ಇದೆಯೆ?

ನೂರು: ಸದನ ಮತ ಹಾಕಿ ಕೊಡುವ ಪುರಸ್ಕೃತ ವೆಚ್ಚದ ಮೇಲೆ ಮಾತ್ರ. ಪ್ರಭೃತ ವೆಚ್ಚದ ಹತ್ತಿರ ನನ್ನನ್ನು ಬಿಡುವುದಿಲ್ಲ. ರಾಷ್ಟ್ರಪತಿಗಳ ವೇತನ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ವೇತನ, ಸರ್ಕಾರ ಮಾಡಿದ ಸಾಲದ ಬಡ್ಡಿ ಇವಕ್ಕೆ ಮತವಿಲ್ಲ. ಚರ್ಚೆ ಮಾಡಬಹುದು ಅಷ್ಟೆ. ಬಡ್ಡಿಯೊಂದೇ 2023-24ರ ಬಜೆಟ್ಟಿನಲ್ಲಿ ಹತ್ತು ಲಕ್ಷ ಕೋಟಿ ದಾಟಿತ್ತು. ಅದು ಸರಿಯೇ ಅನ್ನಿ, ಬಡ್ಡಿ ಕಟ್ಟಬೇಡಿ ಅಂತ ಮತ ಹಾಕಿದರೆ ನಾಳೆ ಸಾಲ ಯಾರು ಕೊಡುತ್ತಾರೆ?

ಪ್ರ: ನಿಮಗೆ ಸ್ವಂತಕ್ಕೆ ಏನಾದರೂ ಬೇಡಿಕೆ?

ನೂರು: ಒಂದಿದೆ. ಇಷ್ಟು ವರ್ಷಗಳಲ್ಲಿ ಸಂಸದರ ಸಂಬಳ ಏರಿತು, ಭತ್ಯೆ ಏರಿತು, ಥಾಲಿಯ ಬೆಲೆಯೂ ಏರಿತು. ನಾನು ನೂರಕ್ಕೇ ನಿಂತಿದ್ದೇನೆ. ತುಟ್ಟಿಭತ್ಯೆ ಸೇರಿಸಿ ಸಾವಿರಕ್ಕಾದರೂ ಏರಿಸಿ ಅಂತ ಒಬ್ಬ ಸದಸ್ಯರ ಕಿವಿಯಲ್ಲಿ ಹೇಳಿದೆ. ಅವರು ಗಂಭೀರವಾಗಿ ನಿಯಮ ಪುಸ್ತಕ ತೆಗೆದು ತೋರಿಸಿದರು: ಬೇಡಿಕೆಯ ಮೊತ್ತವನ್ನು ಸದನ ಒಪ್ಪಬಹುದು, ತಿರಸ್ಕರಿಸಬಹುದು, ಇಳಿಸಬಹುದು. ಏರಿಸುವ ಅಧಿಕಾರ ಮಾತ್ರ ಇಲ್ಲ. ‘ಅದು ಇಲಾಖೆಯ ಮೊತ್ತಕ್ಕೆ ಸ್ವಾಮಿ, ನನಗಲ್ಲ’ ಅಂತ ಹೇಳಬೇಕು ಅನ್ನುವಷ್ಟರಲ್ಲಿ ಯಾರೋ ಘೋಷಣೆ ಕೂಗಿದರು, ಅವರು ಫಲಕ ಎತ್ತಿಕೊಂಡು ಸದನದ ಬಾವಿಗೆ ಇಳಿದರು.