ಡ್ರ್ಯಾಗನ್ನೂ ದಾಯಾದಿಗಳೂ

ಶಂಕರಘಟ್ಟದಲ್ಲಿ ರಾಜರಿಲ್ಲ. ಈ ಸೀಮೆಯನ್ನಾಳಿದ ಕೆಳದಿ ಅರಸರ ಕಥೆ 1763ರಲ್ಲಿ ಹೈದರಾಲಿ ಬಿದನೂರಿಗೆ ಬಂದಲ್ಲಿಗೆ ಮುಗಿಯಿತು. ಈಗ ಇಲ್ಲಿರುವುದು 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ, ಸುತ್ತ ಕಾಡು, ಪಕ್ಕದಲ್ಲಿ ಬಿ.ಆರ್.ಪಿ. ಎಂಬ ಊರು, ಆಚೆಗೆ ಭದ್ರಾ ಅಣೆಕಟ್ಟು. ಕಿರೀಟವೆಂಬುದನ್ನು ನಾವು ಕಾಣುವುದು ಯಕ್ಷಗಾನದವರು ಬಂದಾಗ, ಇಲ್ಲವೇ ಸನ್ಮಾನದಲ್ಲಿ ಯಾರ ತಲೆಗಾದರೂ ಮೈಸೂರು ಪೇಟ ಇಟ್ಟಾಗ. ಹೀಗಿದ್ದೂ ‘ಸಿಂಹಾಸನ ನ್ಯಾಯವಾಗಿ ಯಾರಿಗೆ ಸೇರಬೇಕು’ ಎಂಬ ವ್ಯಾಜ್ಯ ಇಲ್ಲಿನ ಟೀ ಅಂಗಡಿಯಲ್ಲಿ ವರ್ಷಗಳಿಂದ ಎಳೆಯುತ್ತಲೇ ಇದೆ.

ಸಿಂಹಾಸನವೇನೂ ನಮ್ಮದಲ್ಲ. ಅದು ವೆಸ್ಟೆರೋಸ್ ಎಂಬ, ಯಾವ ಭೂಪಟದಲ್ಲೂ ಸಿಗದ ದೇಶದ್ದು. ‘ಗೇಮ್ ಆಫ್ ಥ್ರೋನ್ಸ್’ ಎಂಬ ಆ ಧಾರಾವಾಹಿ 2011ರಿಂದ 2019ರವರೆಗೆ ಎಂಟು ಸೀಸನ್, 73 ಕಂತು ಓಡಿತು. ನಮ್ಮ ಕನ್ನಡ ಧಾರಾವಾಹಿಗಳ ಲೆಕ್ಕದಲ್ಲಿ 73 ಕಂತೆಂದರೆ ಅತ್ತೆ-ಸೊಸೆಯ ಮೊದಲ ಮುನಿಸು ಮುಗಿಯುವ ಹೊತ್ತು. ಅಲ್ಲಿ ಅಷ್ಟರಲ್ಲೇ ಅರ್ಧ ದೇಶ ಸತ್ತಿತ್ತು. ಹೆಣಗಳನ್ನು ಎಣಿಸಿ ಮುಗಿಸುವ ಮೊದಲೇ, 2022ರಲ್ಲಿ, ಅದೇ ವಂಶದ ಪೂರ್ವಜರ ಜಗಳ ‘ಹೌಸ್ ಆಫ್ ದಿ ಡ್ರ್ಯಾಗನ್’ ಎಂಬ ಹೆಸರಲ್ಲಿ ಶುರುವಾಯಿತು. ಮೊಮ್ಮಕ್ಕಳ ಜಗಳ ಮುಗಿದ ಮೇಲೆ ಅಜ್ಜಂದಿರ ಜಗಳ ಕೆದಕುವುದು ಮಲೆನಾಡಿನವರಿಗೆ ಹೊಸದೇನೂ ಅಲ್ಲವಾದ್ದರಿಂದ ನಮ್ಮವರು ಇದನ್ನು ತಕ್ಷಣ ಒಪ್ಪಿಕೊಂಡರು.

ಟೀ ಅಂಗಡಿಯ ಪಂಚಾಯ್ತಿಗೆ ಖಾಯಂ ಸದಸ್ಯರಿದ್ದಾರೆ. ಹಾಸ್ಟೆಲ್ಲಿನಲ್ಲಿದ್ದು ಎಂ.ಎಸ್ಸಿ. ಓದುತ್ತಿರುವ ನನ್ನ ಸೋದರಳಿಯ ಒಬ್ಬ. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಅವನ ಸ್ನೇಹಿತ ಇನ್ನೊಬ್ಬ. ಕನ್ನಡ ಎಂ.ಎ. ಹುಡುಗಿಯೊಬ್ಬಳು; ಮಾತು ಕಡಿಮೆ, ಆಡಿದರೆ ಎದುರಿನವರ ಟೀ ಆರಿಹೋಗುತ್ತದೆ. ಇವರೆಲ್ಲರ ಮೇಲೆ, ತಾಲ್ಲೂಕು ಕಚೇರಿಯಿಂದ ನಿವೃತ್ತರಾದ, ಊರೆಲ್ಲ ಶಿರಸ್ತೇದಾರರೆಂದೇ ಕರೆಯುವ ಹಿರಿಯರು. ಹುಡುಗರಿಗೆ ಕಥೆ ಗೊತ್ತು, ಶಿರಸ್ತೇದಾರರಿಗೆ ಕಾನೂನು ಗೊತ್ತು. ಹೀಗಾಗಿ ಯಾವ ಚರ್ಚೆಯೂ ಮುಗಿಯುವುದಿಲ್ಲ.

ಭದ್ರಾವತಿಯ ಹುಡುಗನ ಆಸಕ್ತಿ ವಾರಸುದಾರರಲ್ಲಿಲ್ಲ, ಕುರ್ಚಿಯಲ್ಲಿದೆ. ಅವನ ತಾತ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1923ರಲ್ಲಿ ಕೆಲಸ ಶುರುಮಾಡಿದ ಕಾರ್ಖಾನೆ ಅದು. ಶತ್ರುಗಳ ಕತ್ತಿಗಳನ್ನೆಲ್ಲ ಡ್ರ್ಯಾಗನ್ ಉಸಿರಲ್ಲಿ ಬೆಸೆದು ಮಾಡಿದ ಆ ಕಬ್ಬಿಣದ ಸಿಂಹಾಸನವನ್ನು ಕಂಡರೆ ಅವನಿಗಾಗದು. “ಮೊನೆ ಎಲ್ಲ ಹಂಗೇ ಬಿಟ್ಟಿದಾರೆ ಸಾರ್. ಕೂತವನಿಗೇ ಚುಚ್ಚುತ್ತೆ. ನಮ್ಮ ಭದ್ರಾವತಿಲಿ ಆಗಿದ್ರೆ ಇನ್‌ಸ್ಪೆಕ್ಷನ್ನಲ್ಲೇ ರಿಜೆಕ್ಟ್” ಎನ್ನುತ್ತಾನೆ. ಕೊನೆಯ ಕಂತಿನಲ್ಲಿ ಡ್ರ್ಯಾಗನ್ ಆ ಸಿಂಹಾಸನವನ್ನೇ ಕರಗಿಸಿ ನೀರುಮಾಡಿದಾಗ ಜಗತ್ತೆಲ್ಲ ಕಣ್ಣೀರಿಟ್ಟಿತು. ಇವನೊಬ್ಬ, ಗುಜರಿಗೆ ಹಾಕಿದ್ದರೂ ಒಳ್ಳೆ ರೇಟು ಬರುತ್ತಿತ್ತಲ್ಲ ಎಂದು ಮರುಗಿದ.

ಡ್ರ್ಯಾಗನ್ ವಿಷಯ ಬಂದರೆ ಸಭೆಯಲ್ಲಿ ಸ್ವಾಭಿಮಾನ ಏಳುತ್ತದೆ. ಪಶ್ಚಿಮಘಟ್ಟದ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರೇ ಡ್ರಾಕೊ. ಅದನ್ನು ಹುಡುಕಿಕೊಂಡು ಕಾಡು ಸುತ್ತಿದವರ ಕಥೆಯನ್ನು ತೇಜಸ್ವಿಯವರು 1980ರಲ್ಲೇ ‘ಕರ್ವಾಲೊ’ ಆಗಿ ಬರೆದಿದ್ದಾರೆ. “ನಮ್ಮ ಡ್ರ್ಯಾಗನ್ ಗೇಣುದ್ದ ಅಷ್ಟೇ, ಬೆಂಕಿ ಉಗುಳಲ್ಲ, ಇರುವೆ ತಿನ್ಕೊಂಡು ತನ್ನ ಪಾಡಿಗಿರುತ್ತೆ” ಎಂದು ಅಳಿಯ ವಿವರಿಸಿದ. ಇಂಥ ಸಂಭಾವಿತ ಪ್ರಾಣಿಯ ಬೆನ್ನೇರಿ ರಾಜ್ಯ ಗೆಲ್ಲಲಾಗದು ಎಂದು ಸಭೆ ವಿಷಾದದಿಂದ ಒಪ್ಪಿತು.

ಹಳೆಯ ಸರಣಿಯ ಮುಖ್ಯ ತಕರಾರು ಜಾನ್ ಸ್ನೋನದು. ಅವನು ಅಕ್ರಮ ಸಂತಾನವೆಂದು ಲೋಕವೆಲ್ಲ ನಂಬಿತ್ತು. ಕೊನೆಗೆ ನೋಡಿದರೆ ಸಕ್ರಮವಾಗಿ ಮದುವೆಯಾದ ರಾಜಕುಮಾರನ ಮಗ. ಸಿಂಹಾಸನಕ್ಕಾಗಿ ಸಮುದ್ರ ದಾಟಿ ಬಂದ ಡೆನೇರಿಸ್ ಅವನಿಗೆ ಸ್ವಂತ ಸೋದರತ್ತೆ. ಹುಡುಗರು ಈ ರಹಸ್ಯವನ್ನು ಪಿಸುದನಿಯಲ್ಲಿ ಹೇಳಿ ಮುಗಿಸುವ ಮೊದಲೇ ಶಿರಸ್ತೇದಾರರು ಕೈ ಎತ್ತಿದರು. “ನಾಡಕಚೇರಿಲಿ ಒಂದು ವಂಶವೃಕ್ಷ ಮಾಡಿಸಿದ್ರೆ ಮೊದಲನೇ ಸೀಸನ್ನಲ್ಲೇ ಮುಗೀತಿತ್ತಲ್ರೋ. ಪೌತಿ ಖಾತೆಗೆ ಅರ್ಜಿ ಹಾಕೋ ಮುಂಚೆ ವಾರಸುದಾರರು ಯಾರು ಅಂತ ನೋಡ್ಕೋಬಾರ್ದಾ?”

ಆಮೇಲೆ 2019ರ ಮೇ 20ರ ಸೋಮವಾರ ಬೆಳಿಗ್ಗೆ ಆ ಕೊನೆಯ ಕಂತು ಬಂತು. ಅದಕ್ಕೂ ಕೆಲವು ವಾರ ಮುಂಚೆ, ಹೆಣಗಳ ಸೈನ್ಯದ ಜೊತೆಗಿನ ಮಹಾಯುದ್ಧದ ಕಂತು ಎಷ್ಟು ಕತ್ತಲಾಗಿತ್ತೆಂದರೆ ಏನೂ ಕಾಣಲಿಲ್ಲವೆಂದು ಲೋಕದ ಅಭಿಮಾನಿಗಳೆಲ್ಲ ಕೂಗೆಬ್ಬಿಸಿದ್ದರು. ಶಂಕರಘಟ್ಟದಲ್ಲಿ ಯಾರೂ ದೂರಲಿಲ್ಲ. ಓಲ್ಟೇಜ್ ಕಮ್ಮಿಯಾಗಿದೆ ಎಂದುಕೊಂಡು ಸುಮ್ಮನೆ ನೋಡಿದೆವು. ಕೊನೆಯ ಕಂತು ಮಾತ್ರ ಹಗಲು ಬೆಳಕಿನಲ್ಲೇ ನಡೆಯಿತು. ಉಳಿದ ಪಾಳೆಯಗಾರರೆಲ್ಲ ಸೇರಿ, ಹೊಡೆದಾಡಿದವರನ್ನೂ ಸುಟ್ಟವರನ್ನೂ ಬಿಟ್ಟು, ಗಾಲಿಕುರ್ಚಿಯಲ್ಲಿ ಕೂತು ಎತ್ತಲೋ ನೋಡುತ್ತಿದ್ದ ಬ್ರಾನ್ ಎಂಬ ಹುಡುಗನನ್ನು ರಾಜನನ್ನಾಗಿ ಆರಿಸಿದರು. ಕಾರಣ, ಅವನ ಕಥೆ ಎಲ್ಲರ ಕಥೆಗಿಂತ ಚೆನ್ನಾಗಿದೆ! ಹುಡುಗರು ಕೆಂಡವಾದರು. ವಿಶ್ವವಿದ್ಯಾಲಯಗಳ ನಡುವೆ ತಲೆ ನರೆತ ಹಿರಿಯರಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಕುಲಪತಿ ಹುದ್ದೆಗೆ ಶೋಧನಾ ಸಮಿತಿ ಕೂತು, ಮೂರು ಹೆಸರು ಮೇಲಕ್ಕೆ ಹೋಗಿ, ಕ್ಯಾಂಟೀನಿನಲ್ಲಿ ಯಾರೂ ಉಸುರದ ಹೆಸರು ಕೆಳಗಿಳಿದು ಬರುವುದನ್ನು ನಾಲ್ಕು ವರ್ಷಕ್ಕೊಮ್ಮೆ ಎಲ್ಲೆಲ್ಲೋ ಕಂಡವರು ಅವರು.

ಆ ಸೀಸನ್ನನ್ನು ಮತ್ತೆ ಬೇರೆಯಾಗಿ ತೆಗೆದುಕೊಡಿ ಎಂದು 15 ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿದ ಅರ್ಜಿಯೊಂದು ಹೋಯಿತು. ಅಳಿಯನೂ ಸಹಿ ಹಾಕಿದ್ದ. ಅದನ್ನು ಅವನು ಹೆಮ್ಮೆಯಿಂದ ಹೇಳಿಕೊಂಡಾಗ ಕನ್ನಡದ ಹುಡುಗಿ ಬಾಯಿ ತೆರೆದಳು.

“ನಮ್ಮವರು ಅರ್ಜಿ ಹಾಕ್ತಿರಲಿಲ್ಲ. ಕಾವ್ಯ ಬರೀತಿದ್ರು.”

ಆಮೇಲೆ ಅವಳು ಹೇಳಿದ್ದಿಷ್ಟು. ವ್ಯಾಸರು ಹಸ್ತಿನಾವತಿಯನ್ನು ಧರ್ಮರಾಯನಿಗೆ ಕೊಟ್ಟರು. ಕ್ರಿ.ಶ. 941ರಲ್ಲಿ ಪಂಪ ಅದನ್ನು ತಿದ್ದಿ ಅರ್ಜುನನಿಗೆ ಪಟ್ಟ ಕಟ್ಟಿದ, ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ದ್ರೌಪದಿಗೆ ಐವರು ಗಂಡಂದಿರ ಉಸಾಬರಿಯನ್ನೂ ತಪ್ಪಿಸಿದ. ಯಾಕೆಂದರೆ ಪಂಪನ ಅನ್ನದಾತ ಅರಿಕೇಸರಿ ಕಾವ್ಯದಲ್ಲಿ ಅರ್ಜುನನಾಗಿದ್ದ. ರನ್ನ ಬಂದ. ಅವನ ದೊರೆ ಸತ್ಯಾಶ್ರಯ ಭೀಮನಾದ್ದರಿಂದ ‘ಗದಾಯುದ್ಧ’ದ ಕೊನೆಗೆ ಕಿರೀಟ ಭೀಮನ ತಲೆಗೆ ಹೋಯಿತು. ಒಂದೇ ಸಿಂಹಾಸನ, ಮೂವರು ಅಣ್ಣತಮ್ಮಂದಿರು, ಮೂರು ಕಾವ್ಯ. ಎಲ್ಲವೂ ಪಠ್ಯಪುಸ್ತಕದಲ್ಲಿವೆ, ಯಾರೂ ಕೋರ್ಟಿಗೆ ಹೋಗಲಿಲ್ಲ. “ಅಷ್ಟ್ಯಾಕೆ, ನಮ್ಮ ಯೂನಿವರ್ಸಿಟಿ ಹೆಸರೇ ಕಥೆ ತಿದ್ದಿದವರದ್ದು. ಸೀತೆ ಒಬ್ಬಳೇ ಯಾಕೆ ಬೆಂಕಿಗಿಳೀಬೇಕು ಅಂತ ಕುವೆಂಪು ರಾಮನನ್ನೂ ಜೊತೆಗೆ ಇಳಿಸಿದ್ರು. ಜ್ಞಾನಪೀಠ ಬಂತು.”

ಅಳಿಯ ಸೋಲೊಪ್ಪದೆ ಇನ್ನೊಂದು ಅಳಲು ತೋಡಿಕೊಂಡ. ಮೂಲ ಕಾದಂಬರಿ ಬರೆದ ಜಾರ್ಜ್ ಮಾರ್ಟಿನ್ ಮೊದಲ ಸಂಪುಟ ಕೊಟ್ಟದ್ದು 1996ರಲ್ಲಿ, ಐದನೆಯದು 2011ರಲ್ಲಿ. ಆರನೆಯದಕ್ಕೆ ಕಾದು ಕಾದು ಓದುಗರಿಗೇ ವಯಸ್ಸಾಗುತ್ತಿದೆ. ಹುಡುಗಿ ಅದಕ್ಕೂ ತಯಾರಿದ್ದಳು. ಕುಮಾರವ್ಯಾಸನೂ ಭಾರತದ ಹತ್ತೇ ಪರ್ವ ಬರೆದು ನಿಲ್ಲಿಸಿದ. ಮಿಕ್ಕದ್ದನ್ನು ಕೃಷ್ಣದೇವರಾಯ ತಿಮ್ಮಣ್ಣ ಕವಿಯಿಂದ ಬರೆಸಿದ. “ಆ ಅಜ್ಜನಿಗೂ ಒಬ್ಬ ತಿಮ್ಮಣ್ಣನ್ನ ಹುಡುಕಿಕೊಡಿ” ಎಂದು ಬ್ಯಾಗ್ ಹೆಗಲಿಗೇರಿಸಿ ಹೊರಟಳು. ಎಲ್ಲರ ಟೀ ಆರಿತ್ತು.

ಈಗಿನ ವ್ಯಾಜ್ಯ ಹೊಸ ಸರಣಿಯದು. ಅದು ಇನ್ನೂ ಸೊಗಸಾಗಿದೆ. ಮಳೆಗಾಲದ ಒಂದು ಭಾನುವಾರ ಅಳಿಯ ನಮ್ಮ ಮನೆಯ ಟಿ.ವಿ.ಗೆ ಅದನ್ನು ಹಾಕಿದಾಗ ಅಡಿಕೆ ಕತ್ತರಿಸುತ್ತ ಕೂತಿದ್ದ ನಮ್ಮಮ್ಮನೂ ನೋಡಿದರು. ಅಮ್ಮ ತೀರ್ಥಹಳ್ಳಿ ಕಡೆಯವರು, ರಾತ್ರಿಯಿಡೀ ಆಟ ನೋಡಿ ಬೆಳೆದವರು, ಸಂಬಂಧಗಳ ಲೆಕ್ಕದಲ್ಲಿ ಯಾರಿಗೂ ಬಗ್ಗದವರು. ಹೆಸರುಗಳಷ್ಟೇ ತೊಡಕಾದವು.

“ಎಂತ ಮಾರಾಯ, ಆ ಬಿಳೀಕೂದಲಿನ ಹುಡುಗಿ ಹೆಸರು?”

“ರೆನೀರಾ, ಅಜ್ಜಿ.”

“ರೇಣುಕಾನಾ? ಸರಿ.”

ಅಲ್ಲಿಂದ ರೆನೀರಾ ನಮ್ಮ ಮನೆಯಲ್ಲಿ ರೇಣುಕಳಾದಳು. ಅವಳ ಅಪ್ಪ ವಿಸೆರಿಸ್ ದೊರೆ, ಗಂಡು ಮಕ್ಕಳಿಲ್ಲದ್ದಕ್ಕೆ, ಮಗಳೇ ನನ್ನ ಉತ್ತರಾಧಿಕಾರಿ ಎಂದು ಸಾಮಂತರಿಂದೆಲ್ಲ ಪ್ರಮಾಣ ಮಾಡಿಸಿದ. ಆಮೇಲೆ ಮಗಳ ಗೆಳತಿ ಅಲಿಸೆಂಟಳನ್ನೇ ಮದುವೆಯಾದ. ಅವಳಲ್ಲಿ ಏಗಾನ್ ಎಂಬ ಗಂಡುಮಗು ಹುಟ್ಟಿತು. “ಮುಗೀತು” ಎಂದರು ಅಮ್ಮ. “ಸತ್ಯವತಿ ಅಪ್ಪ ಮದುವೆಗೆ ಮುಂಚೆನೇ ಕೇಳಿದ್ದ, ನನ್ನ ಮಗಳ ಮಗನಿಗೆ ಪಟ್ಟ ಕೊಡ್ತೀಯಾ ಅಂತ. ಈ ಮದುವೇಲಿ ಯಾರೂ ಬಾಯಿಬಿಟ್ಟು ಕೇಳಿಲ್ಲ. ಕೇಳದೆ ಮಾಡಿದ ಮದುವೆ ಆಮೇಲೆ ಕೇಳುತ್ತೆ ನೋಡು.” ಹಾಗೇ ಆಯಿತು. ದೊರೆ ಸಾಯುವಾಗ ಪೂರ್ವಜ ಏಗಾನನ ಕನಸಿನ ಬಗ್ಗೆ ಏನೋ ತೊದಲಿದ. ಮಗಳೆಂದುಕೊಂಡು ಅವನು ಆಡಿದ ಆ ಮಾತನ್ನು ಕೇಳಿಸಿಕೊಂಡದ್ದು ಹೆಂಡತಿ. ಅವಳು ಅದನ್ನು ತನ್ನ ಮಗ ಏಗಾನ್ ಎಂದು ತಿಳಿದು ಅವನಿಗೇ ಪಟ್ಟ ಕಟ್ಟಿಸಿದಳು. ಒಂದೇ ಹೆಸರು ಮನೆತುಂಬ ಇಟ್ಟರೆ ಇದೇ ಗತಿ. ಕೆಳದಿಯ ಪಟ್ಟಿ ತೆಗೆದರೂ ವೆಂಕಟಪ್ಪ ಇಬ್ಬರು, ಸೋಮಶೇಖರ ಇಬ್ಬರು.

ಮರುದಿನ ಟೀ ಅಂಗಡಿಯಲ್ಲಿ ಶಿರಸ್ತೇದಾರರು ತೀರ್ಪು ಕೊಟ್ಟರು. ಸಾಯುವ ಹೊತ್ತಿನ ಗೊಣಗಾಟ ಉಯಿಲಾಗುವುದಿಲ್ಲ. ಬರವಣಿಗೆ ಬೇಕು, ಸಹಿ ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಮೊದಲು ಮಾಡಿಸಿದ ಪ್ರಮಾಣವೇ ಊರ್ಜಿತ. ಹೆಣ್ಣಿಗೆ ಹೇಗೆ ಪಟ್ಟ ಎಂದು ಭದ್ರಾವತಿಯ ಹುಡುಗ ಸುಮ್ಮನೆ ಕೆಣಕಿದ್ದಕ್ಕೆ ಅವರ ಧ್ವನಿ ಏರಿತು. “ನೀನು ಯಾವ ಸೀಮೆಯವನೋ? 1671ರಲ್ಲಿ ಗಂಡ ಸೋಮಶೇಖರ ನಾಯಕ ಹೋದ ಮೇಲೆ ಕೆಳದಿಯ ಚೆನ್ನಮ್ಮ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ಆಳಲಿಲ್ವಾ? ಮಕ್ಕಳಿರಲಿಲ್ಲ, ಬಸಪ್ಪನ್ನ ದತ್ತು ತಗೊಂಡ್ಲು. ಶಿವಾಜಿ ಮಗ ರಾಜಾರಾಮ ಓಡಿಬಂದಾಗ ಆಶ್ರಯ ಕೊಟ್ಟು ಔರಂಗಜೇಬನ ದಂಡನ್ನೇ ಎದುರು ಹಾಕ್ಕೊಂಡ್ಲು. ಯಾವ ಡ್ರ್ಯಾಗನ್ ಇತ್ತು ಅವಳ ಹತ್ರ? ಕೊನೇ ಅರಸಿ ವೀರಮ್ಮಾಜಿನೂ ಹೆಣ್ಣೇ. ರೆನೀರಾಗೆ ಅನ್ಯಾಯ ಆಗಿದೆ. ಶುದ್ಧ ಅನ್ಯಾಯ!”

ಮೇಜು ಗುದ್ದಿದ ರಭಸಕ್ಕೆ ಬನ್ನಿನ ಭರಣಿ ಅಲುಗಿತು. ಹುಡುಗರು ಚಪ್ಪಾಳೆ ತಟ್ಟಿದರು. ನನಗೂ ರೋಮಾಂಚನವಾಗಿ, ಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸಿದೆ.

ಅಮ್ಮ ಅಡಿಕೆ ಕತ್ತಿಯಿಂದ ಕಣ್ಣೆತ್ತಲಿಲ್ಲ. “ಅವರಿಗೆ ತಂಗೀರು ಇಬ್ಬರಿದ್ದಾರಲ್ಲ, ಅಪ್ಪನ ತೋಟದಲ್ಲಿ ಅವರಿಗೆಷ್ಟು ಹೋಯ್ತು ಕೇಳಿದ್ಯಾ?”

ಕೇಳಬೇಕಾಗಿರಲಿಲ್ಲ, ಊರಿಗೇ ಗೊತ್ತು. ಇಬ್ಬರನ್ನೂ ಹಬ್ಬಕ್ಕೆ ಕರೆದು, ಹೋಳಿಗೆ ಊಟ ಹಾಕಿ, ಸೀರೆ ಉಡಿಸಿ, ಅರಿಶಿನ-ಕುಂಕುಮಕ್ಕೆಂದು ಕೈಯಲ್ಲಿಷ್ಟು ಇಟ್ಟು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಾರಿನಲ್ಲಿ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿದ್ದರು. ಪತ್ರದ ಕರಡು ಶಿರಸ್ತೇದಾರರದೇ. ಒಂದು ಅಕ್ಷರವೂ ತಪ್ಪಿರಲಿಲ್ಲ, ಸಾಕ್ಷಿಗಳಿಬ್ಬರೂ ಹಾಜರಿದ್ದರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲೆಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ದೇಶಕ್ಕೆಲ್ಲ ಅದು ಬಂತು ಎಂದು ನನಗೆ ಮೊದಲು ಹೇಳಿದವರೂ ಅವರೇ. ಅವರಿಗೆ ಗೊತ್ತಿಲ್ಲದ ಕಲಮು ಯಾವುದೂ ಇಲ್ಲ.

“ಹಂಗಾದ್ರೆ ಮಾವ, ನಮ್ಮಮ್ಮನ ಪಾಲು?” ಎಂದ ಅಳಿಯ, ಫೋನಿನಿಂದ ತಲೆಯೆತ್ತಿ.

ನಾನು ಬಚಾವಾದೆ. ನಮ್ಮ ಹಿರಿಯರ ಗದ್ದೆ-ತೋಟವನ್ನು ಭದ್ರಾ ಹಿನ್ನೀರು ಎಂದೋ ಸಮಪಾಲಾಗಿ ನುಂಗಿದೆ. ಅಪ್ಪ ಬಿಟ್ಟುಹೋದದ್ದು ಒಂದು ರೇಡಿಯೋ. ಅದು ತಂಗಿಯ ಮನೆಯಲ್ಲಿ ಇವತ್ತಿಗೂ ಭದ್ರಾವತಿ ಆಕಾಶವಾಣಿ ಹಾಡುತ್ತಿದೆ.

ಆಮೇಲೆ ಟೀ ಅಂಗಡಿಯ ವಾದಗಳು ನನಗೆ ಬೇರೆಯಾಗಿ ಕೇಳಿಸತೊಡಗಿದವು. ಹುಡುಗರು ಜಾನ್ ಸ್ನೋ ಪರ ಕೂಗುವುದು ಕಥೆಯ ಮೋಹಕ್ಕೆ, ಅದು ವಯಸ್ಸಿನ ಹಕ್ಕು. ನಮ್ಮಂಥ ನರೆತವರು ಕೂಗುವುದಕ್ಕೆ ಕಾರಣ ಬೇರೆ. ಪಾಲುಪಟ್ಟಿ, ಪಹಣಿ, ಪೌತಿ ಖಾತೆಗಳ ನಡುವೆ ಆಯುಸ್ಸು ಕಳೆದವರಿಗೆ ಕೈಯಿಂದ ಒಂದು ಗುಂಟೆಯೂ ಹೋಗದೆ ನ್ಯಾಯವಂತರಾಗುವ ಅವಕಾಶ ಸಿಗುವುದು ವೆಸ್ಟೆರೋಸಿನಲ್ಲಿ ಮಾತ್ರ. ಅಲ್ಲಿನ ಏಳು ರಾಜ್ಯಗಳನ್ನು ಹೆಣ್ಣುಮಗಳಿಗೆ ಧಾರಾಳವಾಗಿ ಕೊಟ್ಟು ಮನೆಗೆ ಬಂದರೆ, ಹಿತ್ತಲಿನ ಅರ್ಧ ಎಕರೆ ಅಡಿಕೆ ಹಾಗೇ ಇರುತ್ತದೆ.

ಸರಣಿ ಮುಂದುವರಿಯುತ್ತದೆ, ಚರ್ಚೆಯೂ ಮುಂದುವರಿಯಲಿ. ಆದರೆ ರೆನೀರಾ ಪಕ್ಷದ ಮಹನೀಯರಲ್ಲಿ ಒಂದು ವಿನಂತಿ: ಸಿಂಹಾಸನದ ಮಾತು ಆಮೇಲೆ, ಮೊದಲು ತಂಗಿಯ ಪಾಲು ಕೊಟ್ಟು ಬನ್ನಿ. ಟೀ ನನ್ನ ಲೆಕ್ಕದಲ್ಲಿ.