ಆರ್ಟಿಕಲ್ ಮಾವ

ಹಂಪಿ ಬಜಾರಿನಲ್ಲಿ ಚಹಾ ತಣ್ಣಗಾಗಿದ್ದರೆ ಉಳಿದವರು ಬಿಸಿ ಮಾಡಿಸಿಕೊಳ್ಳುತ್ತಾರೆ; ಆರ್ಟಿಕಲ್ ಮಾವ ಸಂವಿಧಾನದ 21ನೇ ವಿಧಿ ಎತ್ತುತ್ತಾರೆ. ‘ಜೀವಿಸೋ ಹಕ್ಕು ಅಂದ್ರ ಬರೇ ಉಸಿರಾಡೋದಲ್ರಿ, ಘನತೆಯಿಂದ ಬದುಕೋದು. ಈ ಚಾದಾಗ ಏನ್ ಘನತೆ ಐತಿ?’

ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಫೈಲು. ಊರಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಸಾಲುಮಂಟಪದ ಕಂಬಕ್ಕೆ ಬೈಕು ಒರಗಿಸಬೇಡಿ ಎಂದ ಕಾವಲುಗಾರನಿಗೆ 19ನೇ ವಿಧಿ: ‘ದೇಶದ ತುಂಬಾ ಸಂಚಾರ ಮಾಡೋ ಹಕ್ಕು ಐತಪ್ಪಾ. ಸಂಚಾರ ಅಂದಮ್ಯಾಲೆ ನಿಲ್ಲೋದೂ ಬಂತಲ್ಲ!’

ಮಾವನಿಗೆ ಕರ್ತವ್ಯ ಗೊತ್ತಿಲ್ಲ ಎಂದುಕೊಳ್ಳಬೇಡಿ. 1976ರ ತಿದ್ದುಪಡಿಯಲ್ಲಿ ಬಂದ 51ಎ ವಿಧಿಯ ಹತ್ತೂ, 2002ರಲ್ಲಿ ಸೇರಿದ ಹನ್ನೊಂದನೆಯದೂ ಬಾಯಿಪಾಠ. ಆದರೆ ಅವೆಲ್ಲ ಬೆಂಗಳೂರಿನಿಂದ ಬಂದವರಿಗೆ. ಸೆಲ್ಫಿಗೆಂದು ಮಂಟಪ ಹತ್ತಿದ ಹುಡುಗರನ್ನು ಇಳಿಸಿ, 2019ರಲ್ಲಿ ಹಂಪಿಯಲ್ಲೇ ಕಂಬ ಕೆಡವಿದ ಹುಡುಗರು ತಲಾ 70,000 ರೂಪಾಯಿ ದಂಡ ಕಟ್ಟಿ, ಬೀಳಿಸಿದ್ದನ್ನು ತಾವೇ ಎತ್ತಿ ನಿಲ್ಲಿಸಿದ ಕಥೆ ಹೇಳುತ್ತಾರೆ. ಕಥೆ ರಂಗೇರಿದಾಗ ಬಾಯೊಳಗಿನ ಎಲೆ-ಅಡಿಕೆ ಅಡ್ಡ ಬರುತ್ತದೆ. ಪಕ್ಕದ ಕಂಬದ ಬುಡಕ್ಕೆ ಉಗಿದು ಮುಂದುವರಿಸುತ್ತಾರೆ.

ಹಾಗಂತ ಬರೇ ನಗುವಂತಿಲ್ಲ. 2011ರ ಜುಲೈಯಲ್ಲಿ ಸಾಲುಮಂಟಪದ ಮನೆ-ಅಂಗಡಿಗಳ ಮುಂದೆ ತೆರವಿಗೆಂದು ಜೆಸಿಬಿ ಬಂದು ನಿಂತಾಗ ಹಕ್ಕೆಂಬ ಮಾತು ಈ ಬೀದಿಯಲ್ಲಿ ಯಾರಿಗೂ ತಮಾಷೆಯಾಗಿರಲಿಲ್ಲ. ಬರೆಯಲು ಬಾರದವರಿಗೆಲ್ಲ ಅರ್ಜಿ ಬರೆದುಕೊಟ್ಟದ್ದು ಇದೇ ಪೆನ್ನು. ಆ ಪೆನ್ನಿಗೆ ಆಮೇಲೆ ಬಿಡುವೇ ಸಿಗಲಿಲ್ಲ, ಅಷ್ಟೇ.

ಮೊನ್ನೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದ್ದರು: ‘ರಥಬೀದಿಯಲ್ಲಿ ಕಸದ ಡಬ್ಬಿಗಳೆಷ್ಟು? ಎಲ್ಲೆಲ್ಲಿವೆ?’ ಮೂವತ್ತು ದಿನದ ಒಳಗೇ ಉತ್ತರ ಬಂತು, ನಕ್ಷೆ ಸಮೇತ. ಮಾವನಿಗೆ ಭಾರಿ ನಿರಾಸೆ. ಮೇಲ್ಮನವಿ ಆಗಲೇ ಬರೆದಿಟ್ಟಿದ್ದರು. ಆ ಬೇಸರಕ್ಕೆ ಮಿರ್ಚಿ ತರಿಸಿ, ಉತ್ತರದ ಹಾಳೆಯಲ್ಲೇ ಎಣ್ಣೆ ಒತ್ತಿ ತಿಂದು, ಉಂಡೆ ಮಾಡಿ ಎಸೆದರು.

ಕಸ ಗುಡಿಸುವಾಕೆ ಅದನ್ನು ಬಿಡಿಸಿ ನೋಡಿದಳು. ‘ಯಪ್ಪಾ, ಇದರಾಗ ನಿಮ್ಮ ಹೆಸರು, ವಿಳಾಸ ಎಲ್ಲಾ ಐತಲ್ರಿ. ನಿಮ್ದ ಹೌದಿಲ್ಲೋ?’

‘ನಂದಲ್ಲವ್ವಾ,’ ಎಂದರು ಮಾವ, ‘ಅದು ಸಾರ್ವಜನಿಕ ದಾಖಲೆ.’