ಮುಂದಿನ ವರ್ಷದ ಡಾಕ್ಟರು

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರಿಗೆ ವಯಸ್ಸು 43. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ತೀರದ ಮನೆ ಸಾಲ, ಈಗಷ್ಟೇ ಶುರುವಾದ ಬಿಪಿ. ಇಷ್ಟೇ ಹೇಳಿದರೆ ಅರ್ಧ ಬೆಂಗಳೂರು ಕೈ ಎತ್ತೀತು. ಗುರುತು ಸಿಗಬೇಕಾದರೆ ಇನ್ನೊಂದು ಮಾತು ಸೇರಿಸಬೇಕು: ಅವರು ಎಂಬಿಬಿಎಸ್ ಓದಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಿದ್ದಾರೆ. ಓದುತ್ತಿದ್ದಾರೆ ಎಂದು ದಯವಿಟ್ಟು ತಪ್ಪು ತಿಳಿಯಬೇಡಿ. ಲಿಫ್ಟಿನಲ್ಲಿ ಸಿಕ್ಕವರು "ಏನ್ ಡಾಕ್ಟ್ರೇ, ಈ ವರ್ಷನಾ?" ಎಂದು ಕೇಳಿದರೆ, "ಈ ವರ್ಷ ಒಂದು ರಿಲೀಸ್ ಇದೆ ಸಾರ್, ಮುಂದಿನ ವರ್ಷ ಗ್ಯಾರಂಟಿ" ಎನ್ನುತ್ತಾರೆ. ಹಾಗಾಗಿ ನಮ್ಮ ಬಾಯಲ್ಲಿ ಅವರು ಮುಂದಿನ ವರ್ಷದ ಡಾಕ್ಟರು. ಇಂಥವರು ಬ್ಯಾಂಕಿನ ಕೌಂಟರಿನ ಹಿಂದೆಯೂ ಇರುತ್ತಾರೆ, ಹೈಸ್ಕೂಲಿನ ಸ್ಟಾಫ್ ರೂಮಿನಲ್ಲೂ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಇವರು.

ಮೂಲ ಕಥೆ ಎಲ್ಲರದೂ ಒಂದೇ. ಪಿಯುಸಿಯಲ್ಲಿ ಪಿಸಿಎಂಬಿ, 2000ದ ಸಿಇಟಿ, ಕೂದಲೆಳೆಯಲ್ಲಿ ತಪ್ಪಿಹೋದ ಮೆಡಿಕಲ್ ಸೀಟು. ಈ ಕೂದಲೆಳೆ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಮದುವೆಯ ಹೊತ್ತಿಗೆ ಅದು ಎರಡು ಸಾವಿರ ರ‍್ಯಾಂಕಿನಷ್ಟು ದಪ್ಪ ಇತ್ತೆಂದು ಅವರ ಹೆಂಡತಿ ನೆನಪಿಸಿಕೊಳ್ಳುತ್ತಾರೆ. ಈಗ ಅರ್ಧ ಅಂಕಕ್ಕೆ ಬಂದು ನಿಂತಿದೆ. ಇನ್ನೆರಡು ವರ್ಷ ಹೋದರೆ ಸೀಟು ಸಿಕ್ಕೇ ಇತ್ತು, ಇವರೇ ಬಿಟ್ಟುಕೊಟ್ಟರು ಎಂದಾದರೂ ಆಶ್ಚರ್ಯವಿಲ್ಲ.

ನಿಜ ಹೇಳಬೇಕೆಂದರೆ ಮೊದಲು ಅವರು ಸುಖವಾಗಿಯೇ ಇದ್ದರು. ಮೆಡಿಕಲ್ ಪ್ರವೇಶಕ್ಕೆ ನೀಟ್ ಪರೀಕ್ಷೆ ಬಂದ ಹೊಸತರಲ್ಲಿ ಅದನ್ನು ಬರೆಯುವವರಿಗೆ 25 ವರ್ಷದ ಮಿತಿ ಹಾಕಿದ್ದರಲ್ಲ, ಮೀಸಲಾತಿಯವರಿಗೆ 30, ಆ ಮಿತಿ ಅವರ ಪಾಲಿಗೆ ದೊಡ್ಡ ಆಸರೆಯಾಗಿತ್ತು. "ಏನ್ ಮಾಡೋದು ಸಾರ್, ರೂಲ್ಸೇ ಬಿಡಲ್ಲ" ಎಂದು ನಿಟ್ಟುಸಿರು ಬಿಟ್ಟು, ಅದೇ ಉಸಿರಿನಲ್ಲಿ ಇನ್ನೊಂದು ವಡೆ ತಿನ್ನುತ್ತಿದ್ದರು. ವಿಷಯ ಕೋರ್ಟು ಕಚೇರಿಯಲ್ಲಿ ಓಡಾಡಿ, ಕಡೆಗೆ 2022ರ ಮಾರ್ಚಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಗರಿಷ್ಠ ವಯಸ್ಸಿನ ಮಿತಿಯನ್ನೇ ಕಿತ್ತುಹಾಕಿತು. ಎಷ್ಟು ಸಲ ಬೇಕಾದರೂ ಬರೆಯಬಹುದು, ಎಷ್ಟನೇ ವಯಸ್ಸಿಗೆ ಬೇಕಾದರೂ ಬರೆಯಬಹುದು. ಅಂದಿನಿಂದ ನಿದ್ದೆಗೆಟ್ಟರು. ಅಲ್ಲಿಯವರೆಗೆ ಹಳೆಯ ದುಃಖವಾಗಿದ್ದದ್ದು ಈಗ ಮಾಡಬಹುದಾದ ಕೆಲಸವಾಗಿ ಎದುರಿಗೆ ಬಂದು ಕೂತಿತ್ತು. ಸರ್ಕಾರದವರು ಇಂಥದ್ದನ್ನೆಲ್ಲ ಮಾಡುವ ಮುಂಚೆ ಸ್ವಲ್ಪ ಯೋಚಿಸಬೇಕು.

ಅದರ ಮೇಲೆ ಒಡಿಶಾದ ಸುದ್ದಿ. ಅಲ್ಲಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 2020ರಲ್ಲಿ, 64ನೇ ವಯಸ್ಸಿಗೆ, ನೀಟ್ ಪಾಸು ಮಾಡಿ ಬುರ್ಲಾದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಸೇರಿದರು. ಇದನ್ನು ನಮ್ಮ ಡಾಕ್ಟರು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕುತ್ತಲೇ ಇರುತ್ತಾರೆ, ನೀರಿನ ಟ್ಯಾಂಕರ್ ಬರುವ ಹೊತ್ತಿನ ಸಂದೇಶಗಳ ನಡುವೆ. ಓದಿದ ಬೇರೆಯವರಿಗೆ ನಾವೂ ಇವತ್ತೇ ಶುರುಮಾಡಬೇಕು ಅನ್ನಿಸುತ್ತದೆ. ಇವರ ಲೆಕ್ಕವೇ ಬೇರೆ. "ಅವರಿಗೆ 64, ನನಗೆ 43. ಅಂದ್ರೆ ಇನ್ನೂ 21 ವರ್ಷ ಟೈಮ್ ಇದೆ ಸಾರ್!"

ಲೆಕ್ಕದಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಎಕ್ಸೆಲ್ಲಿನಲ್ಲಿ ಒಂದು ಹಾಳೆ ಮಾಡಿಟ್ಟಿದ್ದಾರೆ. 44ಕ್ಕೆ ಸೀಟು, ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಅಲ್ಲಿಗೆ 50. ಎಂಡಿ ಮೂರು ವರ್ಷ, ಆಮೇಲೆ ಹೃದ್ರೋಗದಲ್ಲಿ ಡಿಎಂ ಮತ್ತೆ ಮೂರು. 56ಕ್ಕೆ ಹೃದ್ರೋಗ ತಜ್ಞ. ಈ ನಡುವೆ ಬರುವ ಪ್ರವೇಶ ಪರೀಕ್ಷೆಗಳೆಲ್ಲ ಮೊದಲ ಸಲಕ್ಕೇ ಪಾಸು ಎಂದು ಹಾಳೆ ಒಪ್ಪಿಕೊಂಡುಬಿಟ್ಟಿದೆ. ಮನೆ ಸಾಲದ ಕಂತಿಗೆ ನೀಲಿ, ಮಗಳ ಓದಿಗೆ ಹಸಿರು, ತಮ್ಮ ಓದಿಗೆ ಕೇಸರಿ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕವನ್ನು ಒಮ್ಮೆ ತುಂಬಿ ನೋಡಿದರಂತೆ. ಇಡೀ ಹಾಳೆ ಕೆಂಪಾಯಿತು. ಆ ಸಾಲನ್ನು ಅಡಗಿಸಿಟ್ಟು ಈಗ ಸರ್ಕಾರಿ ಸೀಟು ಎಂದೇ ಹಿಡಿದಿದ್ದಾರೆ. 20 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ಪರೀಕ್ಷೆ ಇದು ಎಂಬ ಸಂಗತಿಗೆ ಹಾಳೆಯಲ್ಲಿ ಕಾಲಮ್ ಇಲ್ಲ.

ಪುಸ್ತಕಗಳಿಗೆ ಕೊರತೆಯಿಲ್ಲ. ಎನ್‌ಸಿಇಆರ್‌ಟಿ ಬಯಾಲಜಿ ಮೇಜಿನ ಮೇಲೆಯೇ ಇರುತ್ತದೆ. ನಾನೊಮ್ಮೆ ಕಾಫಿ ಬರುವವರೆಗೆ ತಿರುವಿ ನೋಡಿದೆ. ಮೊದಲ ಅಧ್ಯಾಯದಲ್ಲಿ ಹಳದಿ ಹೈಲೈಟರ್ ಬೀಳದ ಸಾಲೇ ಇಲ್ಲ, 'ಮತ್ತು' ಎಂಬ ಅರ್ಥದ ಪದಕ್ಕೂ ಗೌರವ ಸಂದಿದೆ. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಗೆರೆ. ಮೂರನೆಯದರಿಂದ ಮುಂದೆ ಪುಸ್ತಕ ಅಂಗಡಿಯಿಂದ ಬಂದ ಹಾಗೇ ಇದೆ. ಎಂಬಿಬಿಎಸ್ ಮೊದಲ ವರ್ಷಕ್ಕೆ ಬೇಕಾಗುವ ಚೌರಾಸಿಯಾ ಅನಾಟಮಿಯ ಸಂಪುಟಗಳನ್ನೂ ತಂದಿಟ್ಟುಕೊಂಡಿದ್ದಾರೆ, ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಲ್ಲ. ಸ್ಟೆತಸ್ಕೋಪಂತೂ ದುಬಾರಿ ಲಿಟ್‌ಮನ್ನೇ.

ಮಗಳು ಹತ್ತನೇ ಕ್ಲಾಸು. ಅವಳೇ ಅಪ್ಪನಿಗೆ ಒಂದು ಭಾನುವಾರ ಮಾದರಿ ಪರೀಕ್ಷೆ ಕೊಟ್ಟಳು. 180 ಪ್ರಶ್ನೆ, ಮೂರು ಗಂಟೆ, ಒಟ್ಟು 720 ಅಂಕ. ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. ಬಯಾಲಜಿಯಲ್ಲಿ ಹೇಗೋ ಮರ್ಯಾದೆ ಉಳಿಯಿತು. ಫಿಸಿಕ್ಸಿನಲ್ಲಿ ಮೈನಸ್ 7. "ಅಪ್ಪಾ, ಪೇಪರ್ ಮುಟ್ಟದೇ ನಿದ್ದೆ ಮಾಡಿದ್ದಿದ್ರೆ ಸೊನ್ನೆ ಬರ್ತಿತ್ತು" ಎಂದಳಂತೆ. ಇವರು ಎದೆಗುಂದಲಿಲ್ಲ. ಅಂದಿನ ಪೂರ್ತಿ ಸಂಜೆ ಎಕ್ಸೆಲ್ಲಿನಲ್ಲಿ ಫಿಸಿಕ್ಸಿಗೆ ಹೊಸ ಬಣ್ಣ ಹುಡುಕುವುದರಲ್ಲಿ ಕಳೆದರು. ಮಗಳದು ಈಗ ಒಂದೇ ಷರತ್ತು: "ಬರೆಯೋದಾದ್ರೆ ಬರಿ, ನನ್ನ ಬ್ಯಾಚಿಗೆ ಮಾತ್ರ ಬರಬೇಡ."

ಹೆಂಡತಿ ಬೇಡ ಎಂದವರಲ್ಲ. ಅದೇ ಇವರಿಗೆ ದೊಡ್ಡ ತೊಡಕು. ಬೇಡ ಎಂದಿದ್ದರೆ ಸಂಸಾರಕ್ಕಾಗಿ ತ್ಯಾಗ ಮಾಡಿದೆ ಎನ್ನಬಹುದಿತ್ತು. ಆಕೆ "ಓದ್ರೀ, ನನ್ನ ಸಂಬಳದಲ್ಲಿ ಹೇಗೋ ತೂಗಿಸೋಣ. ಪರೀಕ್ಷೆಗೆ ಶೂ ಹಾಕೋ ಹಾಗಿಲ್ಲವಂತೆ, ಚಪ್ಪಲೀನೂ ತಂದಿಟ್ಟಿದೀನಿ" ಎಂದುಬಿಟ್ಟರು. ತಿಪಟೂರಿನ ತಾಯಿಯಾದರೂ ಕಾಪಾಡಿಯಾರು ಎಂದು ಫೋನ್ ಮಾಡಿದರೆ, ಅವರು ಟ್ರಂಕು ತಡಕಿ ಪಿಯುಸಿ ಅಂಕಪಟ್ಟಿ ಹುಡುಕಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು, ಜೊತೆಗೆ ದೇವರ ಕುಂಕುಮ. ಇಡೀ ಮನೆ ಒಪ್ಪಿಬಿಟ್ಟರೆ ಮನುಷ್ಯ ಏನು ಮಾಡಬೇಕು?

ಹೊರಗಿನವರ ಸಲಹೆ ಕೇಳಬೇಕು. ಇವರ ಸಂಜೆಗಳೆಲ್ಲ ಅದಕ್ಕೇ ಮೀಸಲು. ಒಂದನೇ ಮಹಡಿಯಲ್ಲಿ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದ ಡಾಕ್ಟರಮ್ಮ ಇದ್ದಾರೆ. ಅವರ ಮುಂದೆ ಕೂತು, ತಮಗೆ ಸೇವೆಯ ಹಂಬಲ ಹೇಗೆ ಹುಟ್ಟಿತು ಎಂಬಲ್ಲಿಂದ ಶುರುಮಾಡಿ ಅರ್ಧ ಗಂಟೆ ಹೇಳಿದರು. ಆಫ್ರಿಕಾದಲ್ಲಿ ಆಸ್ಪತ್ರೆ ನಡೆಸಿದ ಆಲ್ಬರ್ಟ್ ಶ್ವೈಟ್ಜರ್ 30ನೇ ವಯಸ್ಸಿಗೆ ವೈದ್ಯಕೀಯ ಓದಲು ಹೊರಟದ್ದನ್ನೂ ಹೇಳಿದರು. ಡಾಕ್ಟರಮ್ಮ ಅವರೇಕಾಯಿ ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡು, "ರಾತ್ರಿಯೆಲ್ಲ ಕ್ಯಾಶುವಾಲ್ಟೀಲಿ ನಿಂತು, ಬೆಳಿಗ್ಗೆ ಮತ್ತೆ ರೌಂಡ್ಸಿಗೆ ಹೋಗ್ತೀರಾ? ನಿಮ್ಮ ಮಗಳ ವಯಸ್ಸಿಗಿಂತ ಸ್ವಲ್ಪ ದೊಡ್ಡ ಪಿಜಿ ಹುಡುಗಿ ಎಲ್ಲರೆದುರು ಬೈದ್ರೆ ಸುಮ್ಮನೆ ಬೈಸ್ಕೋತೀರಾ?" ಎಂದು ಕೇಳಿದರು. ಇವರು "ಮೇಡಂ, ಪ್ಯಾಶನ್ ಇದ್ರೆ..." ಎಂದು ಶುರುಮಾಡಿದರು. ಡಾಕ್ಟರಮ್ಮ ಅವರೇಕಾಯಿ ತಟ್ಟೆಯನ್ನು ಇವರತ್ತ ತಳ್ಳಿ, "ಮೊದಲು ಇದನ್ನ ಬಿಡಿಸಿ, ಮಾತು ಆಮೇಲೆ" ಎಂದರು. ಎಂಟು ಕಾಯಿ ಬಿಡಿಸುವಷ್ಟರಲ್ಲಿ ಇವರಿಗೆ ಆಫೀಸಿನ ಕಾಲ್ ಬಂತು.

ಮೊನ್ನೆ ನೆಲಮಹಡಿಯ ಯಜಮಾನರು ವಾಕಿಂಗ್ ಮಾಡುತ್ತಾ ತಲೆ ಸುತ್ತಿ ಕುಸಿದು ಕೂತರು. ಯಾರೋ ಅಭ್ಯಾಸಬಲದಿಂದ "ಡಾಕ್ಟ್ರನ್ನ ಕರೀರಿ" ಎಂದರು. ಮೂರನೇ ಮಹಡಿಯಿಂದ ಇವರೇ ಸ್ಟೆತಸ್ಕೋಪ್ ಸಮೇತ ಇಳಿದು ಬಂದರು. ನಾಡಿ ಹಿಡಿದು, ಇದು ಮೂರು ಕಾರಣಕ್ಕೆ ಆಗಿರಬಹುದು ಎಂದು ಮೊದಲನೆಯದನ್ನು ವಿವರಿಸತೊಡಗಿದರು. ಎರಡನೆಯದಕ್ಕೆ ಬರುವಷ್ಟರಲ್ಲಿ ವಾಚ್‌ಮನ್ 108ಕ್ಕೆ ಫೋನ್ ಮಾಡಿ ಆಗಿತ್ತು. ಯಜಮಾನರ ಹೆಂಡತಿ ಬಂದವರೇ, "ಸಕ್ಕರೆ ಕಾಯಿಲೆ ಮಾತ್ರೆ ನುಂಗಿ ತಿಂಡಿ ತಿನ್ನದೇ ಬಂದವ್ರೆ ಕಣಪ್ಪ" ಎಂದು ಗಂಡನಿಗೆ ಸಕ್ಕರೆ ನೀರು ಕುಡಿಸಿದರು. ಆಂಬುಲೆನ್ಸ್ ಗೇಟಿಗೆ ಬರುವಾಗ ಅವರು ಎದ್ದು ಕೂತು ಮೂರನೇ ಕಾರಣ ಯಾವುದು ಎಂದು ಕೇಳುತ್ತಿದ್ದರು. ಯಾರಿಗಾದರೂ ಮುಖಭಂಗವಾಗುವ ಗಳಿಗೆ. ನಮ್ಮ ಡಾಕ್ಟರು ಸ್ಟೆತಸ್ಕೋಪ್ ಮಡಿಚುತ್ತಾ ನನಗೆ ಹೇಳಿದರು: "ನೋಡಿದ್ರಾ ಸಾರ್? ಇದಕ್ಕೇ ನಾನು ಓದ್ಬೇಕು ಅನ್ನೋದು."

ಹೆಸರಿನ ಮುಂದೆ 'ಡಾ.' ಸೇರಬೇಕೆಂಬುದಷ್ಟೇ ಆಸೆಯಾದರೆ ನಮ್ಮಲ್ಲಿ ಬೇರೆ ದಾರಿಗಳಿವೆ ಎಂದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಒಮ್ಮೆ ಸೂಚಿಸಿದ್ದುಂಟು. ರಾಜ್‌ಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಗೌರವ ಡಾಕ್ಟರೇಟ್ ಕೊಡಲಿಲ್ಲವೇ ಎಂದರು. ಇವರಿಗೆ ಸಿಟ್ಟು ಬಂತು. ಅಣ್ಣಾವ್ರು ಅದಕ್ಕೆ ಎಷ್ಟು ಸಿನಿಮಾ ಮಾಡಿದ್ದರು ಗೊತ್ತಾ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ; ಆದರೆ ಅದನ್ನು ಕೇಳಿದವರು ಇವರು.

ಈ ಮಾತುಗಳನ್ನು ಓದಿ ನಡುವಯಸ್ಸಿನಲ್ಲಿ ಡಾಕ್ಟರಾಗುವ ಆಸೆಯನ್ನೇ ನಾನು ಗೇಲಿ ಮಾಡುತ್ತಿದ್ದೇನೆ ಎಂದು ಯಾರೂ ಮುನಿಸಿಕೊಳ್ಳಬಾರದು. ಬುರ್ಲಾಕ್ಕೆ ಹೋದ ಆ ಹಿರಿಯರಿಗೆ ನನ್ನದೂ ಒಂದು ನಮಸ್ಕಾರ. ನಿಮಗೂ ಅಂಥ ಮನಸ್ಸಿದ್ದರೆ, ಅರ್ಜಿಗೆ ಬೇಕಾಗುವುದು ಒಂದು ಫೋಟೊ, ಒಂದು ಸಹಿ, ಬೆರಳಚ್ಚು, ಅಂಕಪಟ್ಟಿ. ಸಾಮಾನ್ಯ ವರ್ಗದವರಿಗೆ 2025ರಲ್ಲಿ ಶುಲ್ಕ 1,700 ರೂಪಾಯಿ ಇತ್ತು. ಸಲಹೆ ಕೇಳಲು ನಮ್ಮ ಮನೆಗೆ ಧಾರಾಳವಾಗಿ ಬನ್ನಿ, ಕಾಫಿ ಕೊಡುತ್ತೇವೆ. ಬರುವಾಗ ಆ ಶುಲ್ಕ ಕಟ್ಟಿದ ರಸೀದಿ ತನ್ನಿ.